ಫ್ಯಾನಿನ ಹಿಂದೆ ಉಳಿದ ದಾರ

ಆ ತಿಂಗಳೆಲ್ಲ ಡೆನ್ನಿಸನ ಅಂಗಿಯ ಜೇಬಿನಲ್ಲಿ ಒಂದು ಉಂಗುರವಿತ್ತು. ಚಿನ್ನದ್ದಲ್ಲ, ಬೆಳ್ಳಿಯದೂ ಅಲ್ಲ. ನೈಲಾನ್ ದಾರ ಸುತ್ತಿ ಸುತ್ತಿ, ಬಿಸಿಗೆ ಕರಗಿ, ಎಳೆಗೆ ಎಳೆ ಅಂಟಿಕೊಂಡು ಕರ್ರಗೆ ಗಟ್ಟಿಯಾದ ಉಂಗುರ. ಉಗುರಿನಿಂದ ಕೆರೆದರೆ ಒಳಗೆ ಇನ್ನೂ ಒಂಚೂರು ಹಳದಿ ಕಾಣುತ್ತಿತ್ತು, ಸೇವಂತಿಗೆಯ ಹಳದಿ. ಅದನ್ನು ಎಸೆಯಲು ಅವನು ಎಷ್ಟೋ ಸಲ ಕೈ ಎತ್ತಿದ್ದ. ಕೆರೆಗೆ ಎಸೆಯಬಹುದಿತ್ತು, ಲಷ್ಕರ್ ಮೊಹಲ್ಲಾದ ಮನೆಯ ಮುಂದಿನ ಚರಂಡಿಗೆ ಎಸೆಯಬಹುದಿತ್ತು. ಎಸೆದರೆ ತಾನು ನಿಜವಾಗಿಯೂ ಕಳ್ಳನಾಗಿಬಿಡುತ್ತೇನೆ ಎಂಬ ವಿಚಿತ್ರ ಭಯ ಅವನದು. ಇಟ್ಟುಕೊಂಡರೆ ಏನಾಗುತ್ತೇನೆ ಎಂದು ಮಾತ್ರ ಅವನು ತನ್ನನ್ನು ಕೇಳಿಕೊಂಡಿರಲಿಲ್ಲ.

ಡೆನ್ನಿಸ್ ಹುಟ್ಟು ಮೆಕ್ಯಾನಿಕ್. ಅಪ್ಪ ಆಂತೋಣಿ ಮೊಹಲ್ಲಾದ ಒಂದು ಸಂದಿಯಲ್ಲಿ ಸ್ಕೂಟರ್ ರಿಪೇರಿ ಮಾಡುತ್ತಿದ್ದ. ಆಯಿಲ್ ಬೆರೆಸಿದ ಪೆಟ್ರೋಲಿನ ಹೊಗೆಯಲ್ಲೇ ಮಗ ಬೆಳೆದ. ಬೆಳಿಗ್ಗೆ ಚರ್ಚಿನಲ್ಲಿ ಸಾಂಬ್ರಾಣಿ ಹೊಗೆ, ಆಮೇಲೆ ಅಂಗಡಿಯಲ್ಲಿ ಸೈಲೆನ್ಸರ್ ಹೊಗೆ, ಎರಡೂ ಪವಿತ್ರವೇ ಎಂದು ಅವನೇ ತಮಾಷೆ ಮಾಡುತ್ತಿದ್ದ. ಆ ಹಳೆಯ ಸ್ಕೂಟರುಗಳು ಒಂದೊಂದಾಗಿ ಗುಜರಿ ಸೇರಿದವು, ಅಂಗಡಿಗೆ ಬೀಗ ಬಿತ್ತು. ಆಗ ಕರೆದವನು ವೃಷಭೇಂದ್ರಪ್ಪ. ಸಂತೇಪೇಟೆಯಲ್ಲಿ ಬೆಲ್ಲದ ಮಂಡಿ ಇರುವ ಮನೆತನದವನು. ಊರಂಚಿನ ಒಂದು ಕೆರೆಯಲ್ಲಿ ದೋಣಿವಿಹಾರದ ಗುತ್ತಿಗೆ ಹಿಡಿದಿದ್ದ. ಕಾಲಲ್ಲಿ ತುಳಿಯುವ ದೋಣಿಗಳು ಹಲವು, ಮೋಟಾರ್ ಬೋಟು ಒಂದೇ ಒಂದು. ತುಳಿಯುವ ದೋಣಿಯವರು ಸುಸ್ತಾಗಿ ನಡುನೀರಲ್ಲಿ ಕೂತುಬಿಟ್ಟರೆ ಎಳೆದು ತರುವುದೂ ಅದೇ ಬೋಟು. ಅದು ನಿಂತಿತೆಂದರೆ ಆ ಕೆರೆಯಲ್ಲಿ ಯಾರಿಗೆ ಯಾರೂ ಇಲ್ಲ.

ಬೋಟಿನ ಹಿಂಬದಿಗೆ ನೇತುಹಾಕುವ ಮೋಟಾರನ್ನು ಹತ್ತಿರದಿಂದ ನೋಡಿದವರು ಕಡಿಮೆ. ಮೇಲೆ ಕಪ್ಪು ಟೊಪ್ಪಿ, ಅದರೊಳಗೆ ಇಂಜಿನ್. ಕೆಳಗೆ ನೀರಿಗಿಳಿಯುವ ಉದ್ದನೆಯ ಒಂಟಿಕಾಲು. ಕಾಲಿನ ತುದಿಯಲ್ಲಿ ಗೇರುಗಳ ಡಬ್ಬಿ, ಅದರ ಬೆನ್ನಿಗೆ ನೀರು ತಳ್ಳುವ ಪ್ರೊಪೆಲ್ಲರು. ಕೆರೆಯ ಮೇಲೆ ಎಲ್ಲರೂ ಅದನ್ನು ಫ್ಯಾನು ಎನ್ನುತ್ತಾರೆ. ಡೆನ್ನಿಸ್ ಈ ಮೋಟಾರನ್ನು ಸಾಕಿದ್ದು ಮನೆಯಲ್ಲಿ ಹಸು ಸಾಕಿದ ಹಾಗೆ. ದಿನದ ಓಡಾಟ ಮುಗಿದ ಮೇಲೆ ಬೋಟಿನಿಂದ ಬಿಚ್ಚಿ ತಂದು, ನೀಲಿ ಡ್ರಮ್ಮಿನಲ್ಲಿ ಒಳ್ಳೆಯ ನೀರು ತುಂಬಿ, ಅದರಲ್ಲಿ ಮೋಟಾರಿನ ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಓಡಿಸುತ್ತಿದ್ದ. ಒಳಗೆ ಸೇರಿದ ಕೆರೆಯ ಕೆಸರೆಲ್ಲ ತೊಳೆದುಹೋಗಬೇಕು. ಪಕ್ಕದ ಸಣ್ಣ ತೂತಿನಿಂದ ನೀರು ಸಣ್ಣಗೆ ಚಿಮ್ಮುತ್ತಿರಬೇಕು. ಚಿಮ್ಮಿದರೆ ಇಂಜಿನ್ ತಣ್ಣಗಿದೆ ಎಂದರ್ಥ. ಬೋಟು ನಡೆಸುವ ಅಮರೇಶ ಅದನ್ನು ನೋಡಿದಾಗಲೆಲ್ಲ ಕೂಗುತ್ತಿದ್ದ.

“ಡೆನ್ನಿಸಣ್ಣ, ನಿಮ್ಮ ಕೂಸು ಉಚ್ಚೆ ಉಯ್ತಾ ಅದೆ ನೋಡಿ.”

“ಹುಯ್ಲಿ ಬಿಡು. ಅದು ಹುಯ್ಯೋದು ನಿಲ್ಸಿದ ದಿನ ನಿಂಗೆ ಬರುತ್ತೆ” ಎಂದು ಡೆನ್ನಿಸ್ ಅನ್ನುತ್ತಿದ್ದ.

ಇದು ಅವರಿಬ್ಬರ ದಿನದ ಪಾಠ. ಅಮರೇಶ ರಾಮಕೃಷ್ಣನಗರದವನು, ಕೊರಳಲ್ಲಿ ಲಿಂಗ ಕಟ್ಟಿದ, ಬೀಡಿಯನ್ನೂ ಮುಟ್ಟದ ಮನುಷ್ಯ. ಮೋಟಾರ್ ಇವನದು, ಬೋಟು ಅವನದು ಎಂಬಂತೆ ನಡೆದಿತ್ತು. “ನನ್ನ ಕೈಲಿರೋ ಇಂಜಿನ್ ನಡುನೀರಲ್ಲಿ ನಿಂತಿಲ್ಲ” ಎಂದು ಡೆನ್ನಿಸ್ ಬಂದವರಿಗೆಲ್ಲ ಹೇಳುತ್ತಿದ್ದ. ಹೆಮ್ಮೆ ತಪ್ಪಲ್ಲ. ಆದರೆ ಇಂಥ ಹೆಮ್ಮೆಗೆ ಒಂದು ಚಟವಿರುತ್ತದೆ. ತನ್ನನ್ನು ಉಳಿಸಿಕೊಳ್ಳಲು ಅದು ಮೊದಲು ಸುಮ್ಮನಿರುವುದನ್ನು ಕಲಿಯುತ್ತದೆ, ಆಮೇಲೆ ಸುಳ್ಳನ್ನು.

ಕಳೆದ ಆಯುಧಪೂಜೆಯ ದಿನ. ಕೆರೆಯ ದಡದಲ್ಲಿ ದೋಣಿಗಳಿಗೆಲ್ಲ ಅರಿಶಿನ ಕುಂಕುಮ ಬಿದ್ದಿತ್ತು. ಹೂ ಕಟ್ಟುವುದು ವೃಷಭೇಂದ್ರಪ್ಪನ ತಾಯಿ ಸಿದ್ದಲಿಂಗಮ್ಮನ ಹಕ್ಕು. ಎಪ್ಪತ್ತು ದಾಟಿದ ಹೆಂಗಸು, ಟಿಕೆಟ್ ಕೊಡುವ ಕಿಟಕಿಯ ಹಿಂದೆ ಕೂತುಕೊಂಡೇ ಇಡೀ ಕೆರೆಯನ್ನು ಆಳುವವಳು. ಬಾಳೆನಾರನ್ನು ನೆನೆಸಿಟ್ಟುಕೊಂಡು ಅದರಲ್ಲೇ ಕಟ್ಟುತ್ತಾಳೆ. ಮೋಟಾರಿಗೆ ಮೊದಲ ಕುಂಕುಮ ಡೆನ್ನಿಸನೇ ಇಡಬೇಕೆಂಬುದು ಅವಳದೇ ಕಟ್ಟಳೆ. “ಸಾಕಿದವನು ಯಾರೋ ಅವನೇ ಇಡಬೇಕು” ಎಂದು ವರ್ಷವರ್ಷವೂ ಕರೆಯುತ್ತಿದ್ದಳು. ಅವನೂ ಶಿಲುಬೆಯ ಗುರುತು ಹಾಕಿಕೊಂಡೇ ಕುಂಕುಮ ಇಡುತ್ತಿದ್ದ. ಯಾರಿಗೂ ಅದು ವಿಚಿತ್ರ ಅನ್ನಿಸಿರಲಿಲ್ಲ.

ಈ ಸಲ ಅವನು ತನ್ನ ಪಾಲಿನದೂ ಇರಲಿ ಎಂದು ಮಾರ್ಕೆಟ್ಟಿನಿಂದ ಒಂದು ಉದ್ದನೆಯ ಸೇವಂತಿಗೆ ಹಾರ ತಂದ. ಮಾರ್ಕೆಟ್ಟಿನ ಹಾರ, ನೈಲಾನ್ ದಾರ. ವೃಷಭೇಂದ್ರಪ್ಪನ ಮಗಳು ಲಹರಿ ಕಾಲೇಜು ಹುಡುಗಿ. ಫೋನು ಹಿಡಿದು ನಿಂತಿದ್ದಳು.

“ಅಂಕಲ್, ಟೊಪ್ಪಿಗೆ ಹಾಕಿದ್ರೆ ಏನ್ ಚಂದ? ಫ್ಯಾನಿಗೆ ಸುತ್ತಿ, ಡ್ರಮ್ಮಲ್ಲಿ ಬಿಟ್ಟು ತಿರುಗ್ಸಿ. ಹೂವೆಲ್ಲ ಸುತ್ತುತ್ತೆ. ಸೂಪರಾಗಿರುತ್ತೆ.”

ಡ್ರಮ್ಮಿನಲ್ಲಿ ಮೋಟಾರನ್ನು ಗೇರಿಗೆ ಹಾಕಬಾರದು. ಇದು ಬೇರೆ ಯಾರದೋ ನಿಯಮವಲ್ಲ, ಡೆನ್ನಿಸನದೇ. ಫ್ಯಾನಿಗೆ ದಾರ, ಹಗ್ಗ, ಚೀಲ ಯಾವುದೂ ತಾಗಕೂಡದು ಎಂಬುದೂ ಅವನದೇ. ಅಮರೇಶನಿಗೆ ಅದನ್ನು ಬೈದು ಬೈದು ಕಲಿಸಿದ್ದ. ಆದರೆ ಸುತ್ತ ಜನ ನಿಂತಿದ್ದರು, ಫೋನು ಮುಖದ ಮುಂದಿತ್ತು. ಅವನು ಹಾರ ಸುತ್ತಿದ, ಮೋಟಾರ್ ಎಬ್ಬಿಸಿದ, ಗೇರಿಗೆ ಹಾಕಿದ. ನೀಲಿ ಡ್ರಮ್ಮಿನಲ್ಲಿ ಹಳದಿ ಹೂವು ಸುಳಿಯಾಗಿ ಎದ್ದು ತಿರುಗಿದ್ದನ್ನು ನೋಡಿ ಎಲ್ಲರೂ ಚಪ್ಪಾಳೆ ತಟ್ಟಿದರು. ಆ ವೀಡಿಯೊದಲ್ಲಿ ಡೆನ್ನಿಸ್ ಮಗುವಿನಂತೆ ನಗುತ್ತಿದ್ದಾನೆ.

ಆಮೇಲೆ ಡ್ರಮ್ಮಿಗೆ ಕೈ ಹಾಕಿ ಹೂ ಬಾಚಿದ. ಹೂ ಬಂತು. ದಾರ ಬರಲಿಲ್ಲ.

ಅದು ಎಲ್ಲಿಗೆ ಹೋಗಿರುತ್ತದೆ ಎಂದು ಅವನಿಗೆ ಆ ಕ್ಷಣವೇ ಗೊತ್ತು. ಫ್ಯಾನಿಗೂ ಗೇರಿನ ಡಬ್ಬಿಗೂ ನಡುವಿನ ಸಂದಿಗೆ ನುಸುಳಿ ಫ್ಯಾನನ್ನು ತಿರುಗಿಸುವ ದಂಡಕ್ಕೆ ಸುತ್ತಿಕೊಂಡಿರುತ್ತದೆ. ಆ ಜಾಗದಲ್ಲಿ ಒಂದು ರಬ್ಬರ್ ಸೀಲಿದೆ. ನೀರು ಒಳಗೆ ಬಾರದ ಹಾಗೆ, ಆಯಿಲ್ ಹೊರಗೆ ಹೋಗದ ಹಾಗೆ ಕಾಯುವುದು ಅದು. ದಾರ ತಿರುಗಿ ತಿರುಗಿ ಅದನ್ನು ಕೊಯ್ಯುತ್ತದೆ. ಪರಿಹಾರ ದೊಡ್ಡದಲ್ಲ. ಫ್ಯಾನಿನ ನಟ್ಟು ಬಿಚ್ಚಿ, ಫ್ಯಾನು ಎಳೆದು, ದಾರ ಕತ್ತರಿಸಿ ತೆಗೆಯಬೇಕು, ಅಷ್ಟೆ. ಸಂಜೆ ನೋಡೋಣ ಅಂದುಕೊಂಡ. ಸಂಜೆ ಪ್ರಸಾದ, ಪಟಾಕಿ, ಗಲಾಟೆ. ಮರುದಿನ ವಿಜಯದಶಮಿ, ದಸರಾ ನೋಡಲು ಬಂದ ಪರಊರಿನವರೆಲ್ಲ ಕೆರೆಗೂ ಬಂದಿದ್ದರು. ಅದರ ಮರುದಿನವೂ ಜನ. ಹೀಗೆ ದಿನ ತಳ್ಳುತ್ತ ಹೋದ ಹಾಗೆ ಆ ದಾರದ ವಿಷಯ ಮರೆತಿಲ್ಲದಿದ್ದರೂ ಮರೆತವನಂತೆ ಓಡಾಡುವುದು ಅವನಿಗೆ ರೂಢಿಯಾಯಿತು. ನಮಗೆಲ್ಲ ಈ ರೂಢಿ ಚೆನ್ನಾಗಿ ಗೊತ್ತು.

ದೀಪಾವಳಿ ಕಳೆದ ಮೇಲೆ ಗೇರಿನ ಡಬ್ಬಿಯ ಕೆಳಗಿನ ತಿರುಪು ಸಡಿಲಿಸಿ ಆಯಿಲ್ ನೋಡಿದ. ಜೇನುತುಪ್ಪದ ಬಣ್ಣದಲ್ಲಿರಬೇಕಾದದ್ದು ಹಾಲು ಹೆಚ್ಚಾದ ಕಾಫಿಯ ಹಾಗೆ ಸುರಿಯಿತು. ನೀರು ಸೇರಿದೆ, ಸೀಲು ಹೋಗಿದೆ. ಈಗ ಬಿಚ್ಚಲೇಬೇಕು, ಸೀಲು ಹಾಕಲೇಬೇಕು, ಬೋಟನ್ನು ಕೆಲದಿನ ನಿಲ್ಲಿಸಬೇಕು. ಯಾಕೆ ಎಂದು ವೃಷಭೇಂದ್ರಪ್ಪ ಕೇಳುತ್ತಾನೆ. ಕೇಳಿದರೆ ಹಾರದ ಕಥೆ ಬರುತ್ತದೆ. ನನ್ನ ಕೈಲಿರೋ ಇಂಜಿನ್ ಎಂಬ ಮಾತು ಇನ್ನು ಹೇಳುವ ಹಾಗಿಲ್ಲ.

ಡೆನ್ನಿಸ್ ಅತ್ತಿತ್ತ ನೋಡಿದ. ಕೆಟ್ಟ ಆಯಿಲನ್ನು ಪೊದೆಯ ಬುಡಕ್ಕೆ ಚೆಲ್ಲಿ ಹೊಸ ಆಯಿಲ್ ತುಂಬಿ ತಿರುಪು ಬಿಗಿ ಮಾಡಿದ. ಅದು ಕೆಟ್ಟಾಗ ಮತ್ತೆ ಹಾಗೇ ಮಾಡಿದ. ಅಪ್ಪ ಆಂತೋಣಿ ಬದುಕಿದ್ದರೆ ಸ್ಪ್ಯಾನರಿನಲ್ಲೇ ಹೊಡೆಯುತ್ತಿದ್ದ.

ಬೋಟು ನಿಂತದ್ದು ಒಂದು ಭಾನುವಾರದ ಸಂಜೆ. ಚಾಮುಂಡಿ ಬೆಟ್ಟದ ಕಡೆಯಿಂದ ಗಾಳಿ ಎದ್ದಿತ್ತು. ಬೋಟಿನಲ್ಲಿ ಒಂದು ದೊಡ್ಡ ಕುಟುಂಬ, ಮಕ್ಕಳು, ಮುದುಕರು. ನಡುನೀರಲ್ಲಿ ಕಲ್ಲು ಅರೆದ ಹಾಗೆ ಸದ್ದಾಯಿತಂತೆ. ಇಂಜಿನ್ ಅರಚುತ್ತಿದೆ, ಬೋಟು ಮಾತ್ರ ಮುಂದಕ್ಕೆ ಹೋಗುತ್ತಿಲ್ಲ. ಗಾಳಿ ಅದನ್ನು ಜೊಂಡು ಬೆಳೆದ ಆಚೆ ದಡಕ್ಕೆ ತಳ್ಳಿತು. ಮಕ್ಕಳು ಅತ್ತವು, ದೊಡ್ಡವರು ಅಮರೇಶನ ಮೇಲೆ ಕೂಗಾಡಿದರು. ಒಬ್ಬ ಎಲ್ಲವನ್ನೂ ಫೋನಿನಲ್ಲಿ ಹಿಡಿದ. ಕೊನೆಗೆ ಅಮರೇಶ ಹಗ್ಗವನ್ನು ಹೆಗಲಿಗೆ ಸುತ್ತಿಕೊಂಡು ಎದೆಮಟ್ಟದ ನೀರಿಗೆ ಧುಮುಕಿ, ಜೊಂಡು ಸೀಳಿಕೊಂಡು ಇಡೀ ಬೋಟನ್ನು ದಡಕ್ಕೆ ಎಳೆದ. ವೀಡಿಯೊದಲ್ಲಿ ಅದಿಲ್ಲ. ಹಿಡಿದವನು ಆಗ ಫೋನು ಒದ್ದೆಯಾಗದಿರಲೆಂದು ಒಳಗಿಟ್ಟುಕೊಂಡಿದ್ದ. ದಡ ಹತ್ತುವಾಗ ಅಮರೇಶನ ಕಾಲು ತೂರಾಡಿದವು. ಆಗ ಫೋನು ಮತ್ತೆ ಹೊರಬಂತು. “ನೋಡಿ, ನಿಲ್ಲೋಕೂ ಆಗ್ತಿಲ್ಲ. ಕುಡಿದಿದ್ದಾನೆ” ಎಂದು ಯಾರದೋ ದನಿ ಅದರಲ್ಲಿ ಸ್ಪಷ್ಟವಾಗಿದೆ.

ಆ ಒಂದು ಮಾತು ರಾತ್ರಿ ಕಳೆಯುವುದರೊಳಗೆ ಊರು ಸುತ್ತಿತು. ಮಕ್ಕಳನ್ನು ಉಳಿಸಿ ತಂದವನು ಮಕ್ಕಳನ್ನು ಮುಳುಗಿಸಲು ಹೋದವನಾದ. ಎಷ್ಟು ಮನೆಯ ಎಷ್ಟು ಬೆರಳುಗಳು ಅದನ್ನು ಮುಂದಕ್ಕೆ ತಳ್ಳಿದವೋ, ಅವುಗಳಲ್ಲಿ ಒಂದೂ ನಿಂತು ಯೋಚಿಸಲಿಲ್ಲ. ಈ ಊರು ಮರ್ಯಾದೆಯ ಊರೆಂದು ನಾವೇ ಹೇಳಿಕೊಳ್ಳುತ್ತೇವೆ.

ಮರುದಿನ ಬೆಳಿಗ್ಗೆ ಮೋಟಾರನ್ನು ಸ್ಟ್ಯಾಂಡಿಗೆ ಹಾಕಿದ್ದರು. ವೃಷಭೇಂದ್ರಪ್ಪ ಅಮರೇಶನನ್ನು ಎದುರಿಗೆ ನಿಲ್ಲಿಸಿಕೊಂಡ.

“ಎಲ್ಲಿಗೆ ಗುದ್ದಿದೆ?”

“ಎಲ್ಲೂ ಗುದ್ದಿಲ್ಲ ಯಜಮಾನ್ರೇ. ನಂಗೆ ಗೊತ್ತಾದಂಗೆ.”

“ಮತ್ತೆ ಇದೇನು?” ವೃಷಭೇಂದ್ರಪ್ಪ ಬಗ್ಗಿ ಫ್ಯಾನಿನ ಒಂದು ಎಲೆಯ ಅಂಚನ್ನು ಮುಟ್ಟಿದ. ಅಲ್ಲಿ ಒಂದು ಕಚ್ಚು ಇತ್ತು. ಹಿಂದೊಂದು ಬೇಸಿಗೆಯಲ್ಲಿ ಕೆರೆಯ ನೀರು ಇಳಿದಿದ್ದಾಗ ಕಲ್ಲು ತಾಗಿ ಆದದ್ದು. ಅರ ಹಾಕಿ ಅದನ್ನು ನಯ ಮಾಡಿದವನೇ ಡೆನ್ನಿಸ್. “ಏನ್ ಡೆನ್ನಿಸ್, ನೀರೊಳಗಿನ ಮರದ ಮೊಟ್ಟಿಗೆ ಗುದ್ದಿದಾನಲ್ವಾ?”

ಅಮರೇಶ ಡೆನ್ನಿಸನ ಮುಖ ನೋಡಿದ. ಆ ನೋಟದಲ್ಲಿ ಬೇಡಿಕೆಯೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಅಣ್ಣ ಹೇಳುತ್ತಾನೆ ಎಂಬ ನೆಮ್ಮದಿ ಮಾತ್ರ ಇತ್ತು. ಡೆನ್ನಿಸ್ ಎಣ್ಣೆ ಒರೆಸುವ ಜೂಟಿನಿಂದ ಕೈ ಒರೆಸಿಕೊಂಡ. ಒರೆಸಿಕೊಳ್ಳುತ್ತಲೇ ಇದ್ದ.

“ಬಿಚ್ಚಿ ನೋಡ್ಬೇಕು” ಎಂದ.

ಯಜಮಾನನಿಗೆ ಅಷ್ಟು ಸಾಕಾಗಿತ್ತು. ಅಮರೇಶ ಅವತ್ತೇ ಕೆಲಸ ಬಿಟ್ಟು ಹೋದ. ಡೆನ್ನಿಸ್ ಒಬ್ಬನೇ ಕೂತು ಫ್ಯಾನು ಬಿಚ್ಚಿದ. ದಂಡದ ಮೇಲೆ ಆ ಕಪ್ಪು ಉಂಗುರ ಬಿಗಿಯಾಗಿ ಕೂತಿತ್ತು, ಒಳಗೆ ಗೇರಿನ ಹಲ್ಲುಗಳು ಪುಡಿಯಾಗಿದ್ದವು. ಉಂಗುರವನ್ನು ಚಾಕುವಿನಿಂದ ಎಬ್ಬಿಸಿ ಜೇಬಿಗೆ ಹಾಕಿಕೊಂಡ. ಹೊಸ ಗೇರು ಬಂತು, ಹೊಸ ಸೀಲು ಬಂತು, ಹೊಸ ಡ್ರೈವರ್ ಬಂದ. ತೂತಿನಿಂದ ನೀರು ಮೊದಲಿನಂತೆಯೇ ಚಿಮ್ಮಿತು. ಅದನ್ನು ನೋಡಿ ಕೂಗುವವರು ಇರಲಿಲ್ಲ.

ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲ ಬಂತು. ಡೆನ್ನಿಸ್ ಪಾಪನಿವೇದನೆಗೆ ಹೋಗಿ ಮಂಡಿಯೂರಿದ.

“ಕೆಲಸದಲ್ಲಿ ಅಲಕ್ಷ್ಯ ಮಾಡ್ದೆ ಸ್ವಾಮಿ.”

“ಅದರಿಂದ ಯಾರಿಗಾದರೂ ಕೇಡಾಯಿತೇನಪ್ಪ?” ಗುರುಗಳು ಕೇಳಿದರು.

“ಇಂಜಿನ್ನಿಗೆ ಆಯ್ತು ಸ್ವಾಮಿ.”

ಗುರುಗಳು ಮುಂದೆ ಎಚ್ಚರದಿಂದ ಇರಲು ಹೇಳಿ, ಪ್ರಾಯಶ್ಚಿತ್ತಕ್ಕೆ ಜಪ ಕೊಟ್ಟು ಕಳಿಸಿದರು. ಜಪಮಣಿ ಉರುಳಿಸುತ್ತ ಅವನು ಮನೆಗೆ ಬಂದ. ಹಗುರಾಗಬೇಕಿದ್ದ ಎದೆ ಹಗುರಾಗಲಿಲ್ಲ. ಉಂಗುರ ಅದೇ ಜೇಬಿನಲ್ಲಿತ್ತು.

ಅದನ್ನು ಕಂಡುಹಿಡಿದವಳು ಹೆಂಡತಿ ಸೋಫಿಯಾ. ಬಟ್ಟೆ ನೆನೆಸುವ ಮುಂಚೆ ಜೇಬು ತಡಕುವುದು ಅವಳ ಅಭ್ಯಾಸ.

“ಇದೇನ್ರೀ, ಜೇಬಲ್ಲಿ ಕಸ ಇಟ್ಕೊಂಡು ಓಡಾಡ್ತೀರಾ?”

“ಬಿಸಾಕ್ಬೇಡ. ಕೊಡು ಇಲ್ಲಿ.”

“ಏನು ಅಂತ ಹೇಳಿ, ಕೊಡ್ತೀನಿ.”

ಸೋಫಿಯಾ ಮನೆಯಲ್ಲೇ ಬಟ್ಟೆ ಹೊಲಿಯುವವಳು. ದಾರವನ್ನು ಬೆರಳಲ್ಲಿ ತಿರುಗಿಸಿದರೆ ಅದು ಎಂಥದ್ದೆಂದು ತಿಳಿಯುತ್ತದೆ. ಅವಳ ಮುಂದೆ ಡೆನ್ನಿಸನಿಗೆ ಸುಳ್ಳು ಹೊಳೆಯಲಿಲ್ಲ. ಎಲ್ಲ ಹೇಳಿದ. ಅವಳು ಬಕೆಟ್ಟಿನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಕೇಳಿದಳು.

“ಅಮರೇಶ ಕುಡಿದಿದ್ದ ಅಂತ ಅವತ್ತು ಪಕ್ಕದ್ಮನೆಯವ್ರ ಫೋನಲ್ಲಿ ನೋಡಿ ನಾನೂ ಛೀ ಅಂದೆ. ನೀವು ಇಲ್ಲೇ ಕೂತು ಚಿತ್ರಾನ್ನ ತಿಂತಿದ್ರಿ. ಇಲ್ಲ ಕಣೇ, ಅವನು ಕುಡಿಯಲ್ಲ ಅಂತ ಒಂದು ಮಾತು ಬರ್ಲಿಲ್ವಲ್ಲ ನಿಮ್ಮ ಬಾಯಲ್ಲಿ.”

“ಸ್ವಾಮಿಗಳ ಹತ್ರ ನಿವೇದನೆ ಮಾಡ್ಕೊಂಡೆ ಕಣೇ.”

“ಏನಂತ?”

“ಕೆಲಸದಲ್ಲಿ ಅಲಕ್ಷ್ಯ ಅಂತ.”

“ಅಮರೇಶನ ಹೆಸರು ಹೇಳಿದ್ರಾ?”

ಡೆನ್ನಿಸ್ ಉಂಗುರಕ್ಕೆ ಕೈ ಚಾಚಿದ.

“ಹಂಗಾದ್ರೆ ದೇವರಿಗೂ ಆಯಿಲ್ ಬದಲಾಯ್ಸಿ ಕಳಿಸಿದೀರ” ಎಂದು ಸೋಫಿಯಾ ಎದ್ದಳು. ಉಂಗುರವನ್ನು ಕಿಟಕಿಯ ಮೇಲಿಟ್ಟು ಬಟ್ಟೆ ನೆನೆಸಲು ಹೋದಳು.

ಮಾರನೆಯ ದಿನ ಅವನು ಸಂತೇಪೇಟೆಯ ಮಂಡಿಗೆ ಹೋದ. ವೃಷಭೇಂದ್ರಪ್ಪ ಬೆಲ್ಲದಚ್ಚುಗಳ ನಡುವೆ ದಿಂಬಿಗೊರಗಿ ಕೂತಿದ್ದ. ಡೆನ್ನಿಸ್ ನಿಂತುಕೊಂಡೇ ಹೇಳಿ ಮುಗಿಸಿದ. ಯಜಮಾನ ತುಸು ಹೊತ್ತು ಮೂಗು ತಿಕ್ಕಿಕೊಂಡ.

“ಆಗ್ಲೇ ಹೇಳೋದಲ್ವೇನೋ.”

“ಹೇಳ್ಬೇಕಿತ್ತು ಯಜಮಾನ್ರೇ.”

“ಈಗ ಹೇಳಿದ್ರೆ ಏನಾಗುತ್ತೆ ಗೊತ್ತಾ? ಆಯುಧಪೂಜೆ ಹಾರದಿಂದ ಇಂಜಿನ್ ಕೆಟ್ಟೋಯ್ತು ಅಂತ ಡೆನ್ನಿಸ್ ಅಂದ ಅಂತಾರೆ. ನೀನು ಯಾರು, ಯಾವ ಚರ್ಚು, ಅಲ್ಲಿಗೆ ಹೋಗುತ್ತೆ ಮಾತು. ಕಾಲ ಹೆಂಗಿದೆ ನೋಡ್ತಿದೀಯಲ್ಲ. ಲಹರಿ ತೆಗೆದ ವೀಡಿಯೊ ಬೇರೆ ಇದೆ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ, ಸುಮ್ನಿರು.”

“ಅಮರೇಶ?”

“ಗ್ಯಾಸ್ ಸಿಲಿಂಡರ್ ಹಾಕೋ ಗಾಡೀಲಿ ಇದಾನಂತೆ. ಅವನ ಪಾಡು ನಡೀತಿದೆ ಬಿಡು.”

ಯಜಮಾನ ಹೇಳಿದ ಭಯ ಪೂರ್ತಿ ಸುಳ್ಳಲ್ಲ. ಇವತ್ತಿನ ದಿನಗಳಲ್ಲಿ ಒಂದು ಹೂವಿನ ಹಾರದಿಂದ ಏನು ಬೇಕಾದರೂ ಕಟ್ಟಬಹುದು, ಕಟ್ಟುವವರೂ ಇದ್ದಾರೆ. ಆದರೆ ವೃಷಭೇಂದ್ರಪ್ಪ ಕಾಯುತ್ತಿದ್ದದ್ದು ಡೆನ್ನಿಸನನ್ನಲ್ಲ, ತನ್ನ ಗುತ್ತಿಗೆಯನ್ನು. ಡ್ರೈವರ್ ಕುಡಿದ ಎಂದರೆ ಡ್ರೈವರನ್ನು ಬದಲಾಯಿಸಿದರೆ ಮುಗಿಯಿತು. ಮೋಟಾರೇ ಕೆಟ್ಟಿತ್ತು, ಗೊತ್ತಿದ್ದೂ ಓಡಿಸಿದರು ಎಂದರೆ ಮುಗಿಯುವುದಿಲ್ಲ. ಇದು ಡೆನ್ನಿಸನಿಗೂ ಅರ್ಥವಾಗಿತ್ತು. ಅರ್ಥವಾಗಿಯೂ ಅವನಿಗಾದದ್ದು ಸಿಟ್ಟಲ್ಲ, ಸಮಾಧಾನ. ತಾನು ಹೇಳಿದೆ, ಅವರೇ ಬೇಡವೆಂದರು. ತಾನು ಅಲ್ಪಸಂಖ್ಯಾತ, ತನಗೆ ತೊಂದರೆಯಾಗುತ್ತದೆ. ಮಂಡಿಯಿಂದ ಇಳಿದವನು ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದ, ಕಾಫಿ ಕುಡಿದ. ಬಹಳ ದಿನದ ಮೇಲೆ ನಾಲಿಗೆಗೆ ರುಚಿ ಹತ್ತಿತ್ತು. ಅವನ ಬದುಕಿನ ಎಲ್ಲಕ್ಕಿಂತ ಹೊಲಸು ಗಳಿಗೆ ಅದು. ದಾರ ಮರೆತದ್ದಲ್ಲ, ಆಯಿಲ್ ಚೆಲ್ಲಿದ್ದಲ್ಲ. ತನ್ನ ಜನಕ್ಕೆ ಇರುವ ನಿಜವಾದ ಭಯವನ್ನು ತನ್ನ ಹೇಡಿತನಕ್ಕೆ ಹೊದಿಸಿ ದೋಸೆ ತಿಂದದ್ದು.

ಸೋಫಿಯಾ ಅದನ್ನೂ ಕೇಳಿಸಿಕೊಂಡಳು. ಕ್ರಿಸ್ಮಸ್ಸಿನ ತಿಂಡಿ ಮಾಡುವ ದಿನ ಬಂದಾಗ ಮೊಟ್ಟೆ ಹಾಕದೆ ಬೇರೆಯಾಗಿ ಒಂದಿಷ್ಟು ಸಿಹಿ ಕಲ್ಕಲ್ ಕರಿದಳು, ಸ್ಟೀಲ್ ಡಬ್ಬಿಗೆ ತುಂಬಿದಳು.

“ಅಮರೇಶನ ಮನೆಗೆ ಕೊಟ್ಟು ಬನ್ನಿ.”

“ನಾನು ಅದನ್ನೇ ಅಂದ್ಕೊಂಡಿದ್ದೆ. ಪಾಪ, ಮಗು ಇದೆ” ಎಂದ ಡೆನ್ನಿಸ್.

“ತಿಂಡಿ ಜೊತೆಗೆ ಇದೂ ಹೋಗ್ಬೇಕು.” ಕಿಟಕಿಯ ಮೇಲಿದ್ದ ಉಂಗುರವನ್ನು ತೆಗೆದು ಅವಳು ಅವನ ಜೇಬಿಗೆ ಹಾಕಿದಳು. “ಇದನ್ನ ವಾಪಸ್ ತಂದ್ರೆ ಡಬ್ಬೀನೂ ವಾಪಸ್ ತನ್ನಿ. ಬರೀ ಸಿಹಿ ಕೊಟ್ಟು ಬರೋ ಹಂಗಿದ್ರೆ ಬೇಡವೇ ಬೇಡ.”

ರಾಮಕೃಷ್ಣನಗರದಲ್ಲಿ ಒಂದು ದೊಡ್ಡ ಮನೆಯ ಹಿಂಬದಿಯ ಬಾಡಿಗೆ ಕೋಣೆಗಳಲ್ಲಿ ಅಮರೇಶನ ಸಂಸಾರ. ಅವನು ಆಗತಾನೆ ಕೆಲಸದಿಂದ ಬಂದಿದ್ದ. ಹೆಗಲಿಗೆ ಬಿಸಿನೀರಿನ ಬಟ್ಟೆ ಇಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದ. ಒಳಗೆ ಮಗಳು ಧನುಶ್ರೀ ಶಾಲೆಯ ಬಟ್ಟೆಯಲ್ಲೇ ಓದುತ್ತಿದ್ದಳು. ಡೆನ್ನಿಸನನ್ನು ನೋಡಿ ಅಮರೇಶ ತಟ್ಟನೆ ಎದ್ದ.

“ಬನ್ನಿ ಅಣ್ಣ, ಬನ್ನಿ. ನಾನೇ ಬರ್ಬೇಕು ಅಂತಿದ್ದೆ. ಮೊಕ ಇರ್ಲಿಲ್ಲ.”

“ನಿಂಗ್ಯಾಕೋ ಮುಖ ಇಲ್ಲ?”

“ನಿಮ್ಮ ಇಂಜಿನ್ ಕೆಡಿಸ್ಬುಟ್ನಲ್ಲ.” ಅಮರೇಶ ತಲೆ ತಗ್ಗಿಸಿದ. “ಮೊದಮೊದಲು ನಾನು ಗುದ್ದಿಲ್ಲ, ಗುದ್ದಿಲ್ಲ ಅನ್ಕತಿದ್ದೆ. ಯಜಮಾನ್ರು ಹೇಳಿದ್ರೂ ಒಪ್ಪಿರ್ಲಿಲ್ಲ. ಆಮೇಲೆ ಯೋಚ್ನೆ ಮಾಡ್ದೆ. ಡೆನ್ನಿಸಣ್ಣ ಸುಳ್ಳಿಗೆ ಸುಮ್ನಿರೋರಲ್ಲ. ನಾನು ಗುದ್ದಿಲ್ದೆ ಇದ್ದಿದ್ರೆ ಅಲ್ಲೇ ಹೇಳೋರು. ನೀವೇ ಸುಮ್ನಿದ್ರಿ ಅಂದ್ಮೇಲೆ ಯಾವ್ದೋ ಮೊಟ್ಟು ತಗುಲಿರ್ಬೇಕು, ನಂಗೇ ತಿಳೀಲಿಲ್ಲ ಅಂತ ಒಪ್ಕಂಡೆ. ಅವತ್ತು ಗಾಳಿ ಬೇರೆ ಇತ್ತು. ತಪ್ಪಾಯ್ತು ಅಣ್ಣ.”

ಡೆನ್ನಿಸ್ ಡಬ್ಬಿ ಹಿಡಿದುಕೊಂಡೇ ನಿಂತಿದ್ದ. ಬೈಗುಳಕ್ಕೆ ಅವನು ತಯಾರಾಗಿ ಬಂದಿದ್ದ, ಮುಖಕ್ಕೆ ಬಾಗಿಲು ಹಾಕಿದರೂ ತಡೆದುಕೊಳ್ಳುತ್ತಿದ್ದ. ಇದಕ್ಕೆ ತಯಾರಾಗಿರಲಿಲ್ಲ. ತಾನು ಕದ್ದದ್ದು ಇವನ ಕೆಲಸವನ್ನಷ್ಟೇ ಅಂದುಕೊಂಡಿದ್ದ. ಇವನು ಕಣ್ಣಾರೆ ಕಂಡದ್ದನ್ನೂ ಕದ್ದಿದ್ದ. ಡೆನ್ನಿಸ್ ಸುಳ್ಳಿಗೆ ಸುಮ್ಮನಿರುವವನಲ್ಲ ಎಂಬ ಹೆಸರನ್ನೇ ಬಳಸಿಕೊಂಡು ಒಬ್ಬ ನಿರಪರಾಧಿಯ ಕೈಯಲ್ಲಿ ತಪ್ಪೊಪ್ಪಿಸಿದ್ದ.

ಜೇಬಿಗೆ ಕೈ ಹಾಕಿ ಉಂಗುರ ತೆಗೆದು ಜಗಲಿಯ ಮೇಲಿಟ್ಟ.

“ಇದು ಫ್ಯಾನಿನ ಹಿಂದೆ ಇತ್ತು” ಎಂದ. “ಹಬ್ಬದ ದಿನ ನಾನೇ ಸುತ್ತಿದ್ದು. ನೀನು ಎಲ್ಲೂ ಗುದ್ದಿಲ್ಲ.”

ಹಾರ, ಡ್ರಮ್ಮು, ಬಾರದೆ ಉಳಿದ ದಾರ, ಹಾಲಿನ ಬಣ್ಣದ ಆಯಿಲ್, ಪೊದೆಯ ಬುಡ, ಹಳೆಯ ಕಚ್ಚು. ಒಂದನ್ನೂ ಬಿಡದೆ ಹೇಳಿದ. ಅಮರೇಶ ಉಂಗುರವನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದ. ಬೆರಳಿನಿಂದ ಅದರ ಅಂಚನ್ನು ಸವರಿದ. ಹೆಗಲಿನ ಬಟ್ಟೆ ಕೆಳಕ್ಕೆ ಬಿತ್ತು, ಎತ್ತಿಕೊಳ್ಳಲಿಲ್ಲ.

“ಧನು, ಬಾ ಇಲ್ಲಿ” ಎಂದು ಕರೆದ. ಮಗಳು ಬಂದು ಬಾಗಿಲಿಗೆ ಒರಗಿ ನಿಂತಳು. “ಇನ್ನೊಂದು ಸಲ ಹೇಳಿ ಅಣ್ಣ. ಇವಳಿಗೆ ಹೇಳಿ.”

ದೊಡ್ಡವನಿಗೆ ಹೇಳಿದ್ದನ್ನು ಮಗುವಿಗೆ ಹೇಳುವುದು ಎಷ್ಟು ಕಷ್ಟವೆಂದು ಡೆನ್ನಿಸನಿಗೆ ಆಗ ತಿಳಿಯಿತು. ಮಗುವಿಗೆ ಹೇಳುವಾಗ ಅಡಗಿಕೊಳ್ಳಲು ಮಾತುಗಳೇ ಸಿಗುವುದಿಲ್ಲ. ಕೇಳಿ ಮುಗಿಸಿದ ಧನುಶ್ರೀ ಕೇಳಿದಳು.

“ಅಪ್ಪ ಕುಡಿದಿರ್ಲಿಲ್ಲ ಅಂತ ನಿಮಗೆ ಗೊತ್ತಿತ್ತಾ ಅಂಕಲ್?”

“ಗೊತ್ತಿತ್ತು ಕಣಮ್ಮ.”

“ನನ್ ಕ್ಲಾಸಲ್ಲಿ ಯಾರಿಗೂ ಗೊತ್ತಿರ್ಲಿಲ್ಲ. ನಾನೊಬ್ಳೇ ಹೇಳ್ತಿದ್ದೆ” ಎಂದಳು. ಸಿಟ್ಟಿನಿಂದ ಹೇಳಲಿಲ್ಲ, ಲೆಕ್ಕ ತಾಳೆಯಾಯಿತೋ ಇಲ್ಲವೋ ಎಂದು ನೋಡುವವಳ ಹಾಗೆ ಹೇಳಿ ಒಳಗೆ ಹೋದಳು.

ಅಮರೇಶ ಉಂಗುರವನ್ನು ತನ್ನ ಜೇಬಿಗೆ ಹಾಕಿಕೊಂಡ. ಡಬ್ಬಿಯನ್ನು ಮಾತ್ರ ಮುಟ್ಟಲಿಲ್ಲ. “ತಿಂಡಿ ಇವಾಗ ಬ್ಯಾಡ ಅಣ್ಣ. ಬೇಜಾರು ಮಾಡ್ಕಬೇಡಿ. ನನ್ನ ಕುಡುಕ ಅಂದಿದ್ದು ದಡದ ಮೇಲೆ, ಎಲ್ಲರ ಮುಂದೆ. ನೀವು ಇಲ್ಲಿ ನಮ್ಮನೆ ಜಗಲಿ ಮೇಲೆ ಹೇಳ್ತಾ ಇದೀರ. ಭಾನುವಾರ ನಾನು ಕೆರೆ ತಾವ್ಕೆ ಬತ್ತೀನಿ. ಅಲ್ಲಿ ಹೇಳಿ.”

ಭಾನುವಾರ ಟಿಕೆಟ್ಟಿನ ಸಾಲು ಗೇಟಿನವರೆಗೂ ಇತ್ತು. ಕೆಲಸದವರೆಲ್ಲ ಇದ್ದರು, ಲಹರಿಯೂ ಇದ್ದಳು. ಅಮರೇಶ ಮಗಳ ಕೈ ಹಿಡಿದು ಬೇಲಿಯ ಪಕ್ಕ ನಿಂತಿದ್ದ. ಡೆನ್ನಿಸ್ ಟಿಕೆಟ್ ಕಿಟಕಿಯ ಮುಂದೆ ನಿಂತು, ಯಾರ ಮುಖವನ್ನೂ ನೋಡದೆ ಶುರುಮಾಡಿದ. ಅಮರೇಶ ಕುಡಿದಿರಲಿಲ್ಲ ಎಂದು ಮೊದಲು, ಉಳಿದದ್ದೆಲ್ಲ ಆಮೇಲೆ. ವೃಷಭೇಂದ್ರಪ್ಪ ಓಡಿ ಬಂದು ತೋಳು ಹಿಡಿದ.

“ಏನಿದು? ನಾನು ಏನು ಹೇಳಿದ್ದೆ ನಿಂಗೆ? ಒಳಗೆ ಬಾ, ಮಾತಾಡೋಣ.”

“ಮಾತಾಡ್ಲಿ ಬುಡೋ” ಎಂದಿತು ಕಿಟಕಿಯ ಒಳಗಿನಿಂದ ಸಿದ್ದಲಿಂಗಮ್ಮನ ದನಿ.

“ಅವ್ವ, ನಿಂಗೆ ಗೊತ್ತಾಗಲ್ಲ. ಪೂಜೆ ಹಾರದಿಂದ ಕೆಟ್ಟಿದ್ದು ಅಂತ ಇವನು...”

“ಪೂಜೆಗೇನಾಗದೆ? ನಾನು ಕಟ್ಟಿದ್ದು ಬಾಳೆನಾರು. ನೀರಿಗೆ ಬಿದ್ರೆ ಎರಡು ದಿನಕ್ಕೆ ಕೊಳ್ತು ಹೋಯ್ತದೆ.” ಅವಳು ಕಿಟಕಿಯಿಂದ ಕತ್ತು ಹೊರಗೆ ಹಾಕಿ ಡೆನ್ನಿಸನನ್ನು ನೋಡಿದಳು. “ಹೂ ಪೂಜೇದು ಕಣಪ್ಪ. ಗಂಟು ನಿಂದು. ದೇವ್ರಿಗೂ ನಿನ್ನ ದಾರಕ್ಕೂ ಏನು ಸಂಬಂಧ? ಪೂಜೆ ಮುಗುದ ಮ್ಯಾಲೆ ಬಿಚ್ಚಿ ನೋಡೋದು ಸಾಕಿದವನ ಕೆಲಸ. ಅದ ಮಾಡ್ದೆ ಇನ್ನೊಬ್ಬನ ತಲೆಗೆ ಕಟ್ಟಿದೆಯಲ್ಲ, ಅದು ನಿಮ್ಮ ದೇವ್ರಿಗೂ ಆಗಲ್ಲ, ನಮ್ಮ ದೇವ್ರಿಗೂ ಆಗಲ್ಲ.” ಆಮೇಲೆ ಮಗನ ಕಡೆ ತಿರುಗಿದಳು. “ನೀನು ಮೊದಲೇ ಗೊತ್ತಿದ್ದೂ ಸುಮ್ನಿದ್ದಾ?”

ವೃಷಭೇಂದ್ರಪ್ಪ ಡೆನ್ನಿಸನ ತೋಳು ಬಿಟ್ಟ.

“ಅಮರೇಶಂಗೆ ಮುಂದ್ಲ ಸೋಮವಾರದಿಂದ ಬರೋಕೇಳು” ಎಂದು ಹೇಳಿ ಅವಳು ಟಿಕೆಟ್ ಹರಿಯತೊಡಗಿದಳು.

ಲಹರಿ ಡೆನ್ನಿಸ್ ಆಡಿದ್ದನ್ನೆಲ್ಲ ಫೋನಿನಲ್ಲಿ ಹಿಡಿದಿದ್ದಳು. ತನ್ನ ಹೂವಿನ ವೀಡಿಯೊ ಅಳಿಸಿ, ಇದನ್ನು ಹಾಕಿದಳು. ನೋಡಿದವರು ತೀರ ಕಡಿಮೆ. ಕುಡುಕ ಎಂಬ ಮಾತು ಹೊಕ್ಕ ಮನೆಗಳಿಗೆಲ್ಲ ಕುಡಿದಿರಲಿಲ್ಲ ಎಂಬ ಮಾತು ಹೋಗಲಿಲ್ಲ. ಮುಂದಕ್ಕೆ ತಳ್ಳಿದ್ದ ಆ ಬೆರಳುಗಳಿಗೆ ಈ ಸಲ ಬಿಡುವಿರಲಿಲ್ಲ.

ಅಮರೇಶ ಬಂದ. ಬೋಟು ನಡೆಸುತ್ತಿದ್ದಾನೆ. ಆ ಕಪ್ಪು ಉಂಗುರವನ್ನು ಡ್ರಮ್ಮಿನ ಮೇಲಿನ ಗೋಡೆಗೆ ಒಂದು ಮೊಳೆ ಹೊಡೆದು ಅವನೇ ನೇತುಹಾಕಿದ್ದಾನೆ. ಸಂಜೆ ಓಡಾಟ ಮುಗಿದು ಮೋಟಾರನ್ನು ಡ್ರಮ್ಮಿಗೆ ತಂದಾಗ, ಹಗ್ಗ ಸುತ್ತಿಟ್ಟು, ಮನೆಗೆ ಹೋಗುವ ಮುನ್ನ ಡೆನ್ನಿಸನ ಹತ್ತಿರ ಬಂದು ನಿಲ್ಲುತ್ತಾನೆ.

“ಬಿಚ್ಚಿ ತೋರ್ಸಿ.”

ಡೆನ್ನಿಸ್ ನಟ್ಟು ಬಿಚ್ಚಿ, ಫ್ಯಾನು ಎಳೆದು, ದಂಡವನ್ನು ಬಟ್ಟೆಯಲ್ಲಿ ಒರೆಸಿ ತೋರಿಸುತ್ತಾನೆ. ಅಮರೇಶ ಬಗ್ಗಿ ನೋಡುತ್ತಾನೆ, ಬೆರಳಿಟ್ಟು ಒಂದು ಸುತ್ತು ಸವರುತ್ತಾನೆ. ದಿನವೂ ಬಿಚ್ಚುವ ಅಗತ್ಯವಿಲ್ಲವೆಂದು ಇಬ್ಬರಿಗೂ ಗೊತ್ತು. ಡೆನ್ನಿಸ್ ಅದನ್ನು ಹೇಳುವುದಿಲ್ಲ. ಸೋಫಿಯಾ ಕರಿದ ಕಲ್ಕಲ್ ಡಬ್ಬಿಯಲ್ಲೇ ಉಳಿದು ಮೆತ್ತಗಾದಾಗ ಅವಳು ಅದನ್ನು ಖಾಲಿ ಮಾಡಿ, ಡಬ್ಬಿಯನ್ನು ತೊಳೆದು ಮೇಲಿಟ್ಟಿದ್ದಾಳೆ, ಮುಂದಿನ ಕ್ರಿಸ್ಮಸ್ಸಿಗೆ.

ಫ್ಯಾನು ಮತ್ತೆ ಹಾಕಿ ಡೆನ್ನಿಸ್ ಮೋಟಾರ್ ಎಬ್ಬಿಸುತ್ತಾನೆ. ತೂತಿನಿಂದ ನೀರು ಚಿಮ್ಮುತ್ತದೆ. ಅಮರೇಶ ಅದನ್ನು ನೋಡಿಕೊಂಡೇ ಚಪ್ಪಲಿ ಮೆಟ್ಟುತ್ತಾನೆ. ಡೆನ್ನಿಸನ ಕೈ ಕೆಲಸ ಮಾಡುತ್ತಿರುತ್ತದೆ, ಕಿವಿ ಮಾತ್ರ ಅವನ ಕಡೆಗೇ ಇರುತ್ತದೆ. ಕೂಸಿನ ಉಚ್ಚೆಯ ಆ ಹಳೆಯ ಮಾತು ಇನ್ನೂ ಬಂದಿಲ್ಲ. ಅದನ್ನು ಕೇಳಿ ಪಡೆಯುವ ಹಾಗೂ ಇಲ್ಲ.